ಸಮುದ್ರವು ಒಪ್ಪಿಸುವ ಲೆಕ್ಕ: ಜಾನ್ ನ್ಯೂಟನರ ಜೀವಿತ

ಸಾವಿನೊಂದಿಗೆ ಮನುಷ್ಯನ ಲೆಕ್ಕವು ಮುಗಿದುಹೋಗುವದಿಲ್ಲ. ಸತ್ತ ಬಳಿಕ ಅವನು ತನ್ನನ್ನು ಉಂಟುಮಾಡಿದಾತನ ಮುಂದೆ ನಿಂತು ಉತ್ತರ ಹೇಳಬೇಕು ಎಂಬದು ಕ್ರೈಸ್ತ ಬೋಧನೆಯ ಅಸ್ತಿವಾರದ ಕಲ್ಲುಗಳಲ್ಲಿ ಒಂದಾಗಿರುತ್ತದೆ. ಇಬ್ರಿಯರಿಗೆ ಬರೆದ ಪತ್ರಿಕೆಯ ಒಂಭತ್ತನೆಯ ಅಧ್ಯಾಯವು ಇದನ್ನು ಸ್ಪಷ್ಟವಾಗಿ ತಿಳಿಸುತ್ತದೆ. ನಮ್ಮ ಹಳ್ಳಿಗಳಲ್ಲಿಯೂ ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆಯನ್ನು ಅರಿಯದವರಿಲ್ಲ. ಹೀಗಿದ್ದರೂ ಈ ಬೋಧನೆಯನ್ನು ಕೇಳುವವರಲ್ಲಿ ಎರಡು ತರದ ಜನರುಂಟು. ಕೆಲವರು ನ್ಯಾಯತೀರ್ಪೆಂಬ ಮಾತು ಕಿವಿಗೆ ಬಿದ್ದೊಡನೆ ನಡುಗಿ, ತಮ್ಮಂಥವರಿಗೆ ಕ್ಷಮೆಯೇ ಇಲ್ಲವೆಂದು ನಿರಾಶೆಗೊಳ್ಳುತ್ತಾರೆ. ಬೇರೆ ಕೆಲವರು, ತಮಗೆ ಕ್ಷಮೆ ದೊರಕಿಯಾಯಿತು, ಇನ್ನು ತಮಗೂ ಆ ದಿನಕ್ಕೂ ಸಂಬಂಧವಿಲ್ಲವೆಂದು ನಿಶ್ಚಿಂತರಾಗಿ, ನೆರೆಯವನಿಗೆ ಮಾಡಿದ ಅನ್ಯಾಯವನ್ನು ಮರೆತುಬಿಡುತ್ತಾರೆ. ಈ ಎರಡು ತಪ್ಪುಗಳ ನಡುವಣ ದಾರಿಯನ್ನು ತೋರಿಸುವ ಒಂದು ಜೀವಿತವನ್ನು ಈ ತಿಂಗಳು ನಮ್ಮ ವಾಚಕರ ಮುಂದಿಡಲು ಇಚ್ಛಿಸುತ್ತೇವೆ. ಅದು ಇಂಗ್ಲೆಂಡ್ ದೇಶದ ಜಾನ್ ನ್ಯೂಟನ್ ಎಂಬ ಸಭಾಪಾಲಕರ ಜೀವಿತ. ಅಮೇಜಿಂಗ್ ಗ್ರೇಸ್ ಎಂದು ಬಹು ದೇಶಗಳಲ್ಲಿ ಪ್ರಸಿದ್ಧವಾಗಿರುವ ಕೀರ್ತನೆಯನ್ನು ಬರೆದವರು ಅವರೇ.

ನ್ಯೂಟನನು 1725ನೆಯ ಇಸವಿಯ ಜುಲೈ ತಿಂಗಳಲ್ಲಿ ಲಂಡನ್ ಪಟ್ಟಣದೊಳಗೆ ಥೇಮ್ಸ್ ನದಿಯ ದಡದಲ್ಲಿರುವ ವಾಪಿಂಗ್ ಎಂಬಲ್ಲಿ ಹುಟ್ಟಿದನು. ತಂದೆಯು ಮೆಡಿಟರೇನಿಯನ್ ಸಮುದ್ರದಲ್ಲಿ ವ್ಯಾಪಾರದ ಹಡಗನ್ನು ನಡಿಸುತ್ತಿದ್ದ ಕಪ್ತಾನನಾದದರಿಂದ ಬಹುಕಾಲ ಮನೆಯಲ್ಲಿರುತ್ತಿರಲಿಲ್ಲ. ತಾಯಿಯಾದ ಎಲಿಜಬೆತಳು ದೈವಭಕ್ತಳು. ಆದರೆ ಕ್ಷಯರೋಗದಿಂದ ಬಲಹೀನಳಾಗಿದ್ದಳು. ಆಕೆಯು ತನ್ನ ಒಬ್ಬನೇ ಮಗನಿಗೆ ಸತ್ಯವೇದದ ವಾಕ್ಯಗಳನ್ನೂ ಪ್ರಶ್ನೋತ್ತರಗಳನ್ನೂ ಐಸಾಕ್ ವಾಟ್ಸರ ಚಿಕ್ಕ ಕೀರ್ತನೆಗಳನ್ನೂ ಬಾಯಿಪಾಠ ಮಾಡಿಸಿದಳು. 1732ರಲ್ಲಿ, ಬಾಲಕನಿಗೆ ಏಳು ವರುಷ ತುಂಬುವದಕ್ಕೆ ಮುಂಚೆಯೇ, ತಾಯಿಯು ತೀರಿಹೋದಳು. ತಂದೆಯು ಇನ್ನೊಂದು ಮದುವೆಯಾದನು. ಹನ್ನೊಂದನೆಯ ವಯಸ್ಸಿನಲ್ಲಿ ಹುಡುಗನು ತಂದೆಯ ಸಂಗಡ ಹಡಗು ಹತ್ತಿದನು. ಅಲ್ಲಿ ಕೇಳಿದ್ದು ಕೀರ್ತನೆಗಳಲ್ಲ, ಆಣೆ ಶಾಪಗಳೇ. ತಾಯಿ ಬಿತ್ತಿದ ಬೀಜವು ಕಳೆಗಳಡಿಯಲ್ಲಿ ಮರೆಯಾಯಿತು. ಆದರೂ ಅದು ಸತ್ತುಹೋಗಿರಲಿಲ್ಲ.

ಯೌವನದಲ್ಲಿ ಅವನ ಹಡಗು ವೆನಿಸ್ ಪಟ್ಟಣದ ಬಂದರಿನಲ್ಲಿದ್ದಾಗ ಅವನಿಗೊಂದು ಕನಸು ಬಿತ್ತು. ರಾತ್ರಿಯಲ್ಲಿ ಅವನು ಹಡಗಿನ ಮೇಲೆ ಕಾವಲಿರುವಾಗ ಒಬ್ಬನು ಬಂದು ಅವನ ಕೈಗೆ ಒಂದು ಉಂಗುರವನ್ನು ಕೊಟ್ಟು, ಇದನ್ನು ಜೋಪಾನಮಾಡಿದರೆ ಸುಖದಿಂದಿರುವಿಯೆಂದು ತಿಳಿಸಿ ಹೋದನು. ಬಳಿಕ ಮತ್ತೊಬ್ಬನು ಬಂದು, ಉಂಗುರದಲ್ಲಿ ಏನಿದೆಯೆಂದು ಹಾಸ್ಯಮಾಡಿ, ಅದನ್ನು ನೀರಿಗೆ ಎಸೆಯುವಂತೆ ಪುಸಲಾಯಿಸಿದನು. ಉಂಗುರವು ನೀರಿಗೆ ಬಿದ್ದೊಡನೆ ಪಟ್ಟಣದ ಹಿಂದಣ ಬೆಟ್ಟಸಾಲಿನಿಂದ ಭಯಂಕರವಾದ ಬೆಂಕಿ ಎದ್ದಿತು. ದೇವರು ಅವನಿಗಾಗಿ ಇಟ್ಟಿದ್ದ ಕನಿಕರವೆಲ್ಲಾ ಆ ಉಂಗುರದಲ್ಲಿಯೇ ಇತ್ತೆಂದೂ ಈಗ ಆ ಬೆಂಕಿಗೆ ಹೋಗತಕ್ಕದ್ದೆಂದೂ ಶೋಧಕನು ತಿಳಿಸಿದನು. ಅಷ್ಟರಲ್ಲಿ ಇನ್ನೊಬ್ಬನು ಬಂದು ನೀರಿನಲ್ಲಿ ಮುಳುಗಿ ಉಂಗುರವನ್ನು ತಂದನು, ಬೆಂಕಿಯು ಆರಿತು. ಆದರೆ ತಂದವನು ಅದನ್ನು ಯುವಕನ ಕೈಗೆ ತಿರಿಗಿ ಕೊಡಲಿಲ್ಲ. ಇವನು ಅದನ್ನು ಮತ್ತೆ ಕಳೆದುಕೊಳ್ಳುವನೆಂದು ಬಲ್ಲವನಾಗಿ, ಬೇಕಾದ ಹೊತ್ತಿನಲ್ಲಿ ತೋರಿಸುವದಕ್ಕೆ ತಾನೇ ಇಟ್ಟುಕೊಂಡನು. ಕೆಲವು ದಿನ ಯುವಕನಿಗೆ ಊಟ ನಿದ್ರೆ ಸೇರಲಿಲ್ಲ. ಆ ಮೇಲೆ ಕನಸೂ ಮರೆತುಹೋಯಿತು.

1744ರಲ್ಲಿ ಸರಕಾರದವರು ಅವನನ್ನು ಬಲವಂತದಿಂದ ಹಿಡಿದು ಹಾರ್ವಿಚ್ ಎಂಬ ಯುದ್ಧದ ಹಡಗಿಗೆ ಸೇರಿಸಿದರು. ಅವನು ಅಲ್ಲಿಂದ ಓಡಿಹೋಗಿ ಸಿಕ್ಕಿಬಿದ್ದು, ಎಲ್ಲರ ಮುಂದೆ ಚಾವಟಿಯ ಪೆಟ್ಟು ತಿಂದು, ಇದ್ದ ಪದವಿಯನ್ನೂ ಕಳೆದುಕೊಂಡನು. ಆ ದಿವಸಗಳಲ್ಲಿ ಅವನು ನಾಸ್ತಿಕರ ಪುಸ್ತಕಗಳನ್ನು ಓದಿ, ಅಂಥವರ ಸಹವಾಸಮಾಡಿ, ತಾಯಿಯ ನಂಬಿಕೆಯನ್ನು ಸಂಪೂರ್ಣವಾಗಿ ಬಿಟ್ಟಿದ್ದನು. ಸತ್ತರೆ ತಾನು ಇಲ್ಲವಾಗುವೆನು, ಮುಂದೆ ಕೇಳುವವರಾರೂ ಇಲ್ಲವೆಂದು ದೃಢವಾಗಿ ಎಣಿಸಿದನು. ಕಪ್ತಾನನ ಮೇಲಿನ ಹಗೆಯಿಂದ ಅವನನ್ನು ಕೊಲ್ಲಬೇಕೆಂಬ ಯೋಚನೆಯೂ ಅವನಿಗೆ ಬಂದಿತ್ತು. ಅವನನ್ನು ಆಗ ತಡೆದದ್ದು ದೇವರ ಭಯವಲ್ಲ. ಕೆಂಟ್ ಸೀಮೆಯಲ್ಲಿದ್ದ ಮೇರಿ ಕ್ಯಾಟ್ಲೆಟ್ ಎಂಬ ಕನ್ಯೆಯು ತನ್ನ ವಿಷಯದಲ್ಲಿ ಏನೆಣಿಸುವಳೋ ಎಂಬ ಒಂದೇ ಲಜ್ಜೆಯು. ಲೆಕ್ಕ ಕೇಳುವಾತನಿಲ್ಲವೆಂದು ನಂಬಿದವನ ಕೈ ಎಷ್ಟು ದೂರ ಚಾಚೀತೆಂಬದನ್ನು ವಾಚಕರು ಇಲ್ಲಿ ಲಕ್ಷ್ಯಕ್ಕೆ ತಂದುಕೊಳ್ಳಲಿ.

1745ರಲ್ಲಿ ಅವನು ಆಫ್ರಿಕ ಖಂಡದ ಪಶ್ಚಿಮ ಕರಾವಳಿಗೆ ಹೋಗುತ್ತಿದ್ದ ಒಂದು ಗುಲಾಮ ಹಡಗಿಗೆ ಸೇರಿದನು. ಅಲ್ಲಿ ಸಿಯೆರಾ ಲಿಯೋನಿನ ಬಳಿಯಲ್ಲಿರುವ ಬಾಳೆ ದ್ವೀಪಗಳೆಂಬ ಸ್ಥಳದಲ್ಲಿ ಒಬ್ಬ ಬಿಳಿಯ ಗುಲಾಮ ವ್ಯಾಪಾರಿಯ ಕೈಕೆಳಗೆ ನಿಂತನು. ಜ್ವರದಿಂದ ಮಲಗಿದಾಗ ಆ ವ್ಯಾಪಾರಿಯ ಮನೆಯೊಡತಿಯು ಅವನನ್ನು ನಾಯಿಗಿಂತ ಕಡೆಯಾಗಿ ಕಂಡಳು. ಹಸಿವು ತಾಳಲಾರದೆ ಅವನು ರಾತ್ರಿಯಲ್ಲಿ ಗೆಡ್ಡೆಗಳನ್ನು ಕಿತ್ತು ಹಸಿಯಾಗಿಯೇ ತಿಂದನು. ಸಂಕೋಲೆಯಲ್ಲಿದ್ದ ಗುಲಾಮರು ತಮ್ಮ ಕೂಳಿನಲ್ಲಿ ಒಂದು ಪಾಲನ್ನು ಗುಟ್ಟಾಗಿ ಅವನಿಗೆ ಕೊಟ್ಟದ್ದುಂಟು. ಮುಂದೆ ಅವನು ಯಾರನ್ನು ಮಾರಿದನೋ ಅವರ ಜಾತಿಯವರೇ ಅವನ ಪ್ರಾಣವನ್ನು ಉಳಿಸಿದರೆಂಬದು ಮರೆಯತಕ್ಕ ಸಂಗತಿಯಲ್ಲ.

ತಂದೆಯ ಬೇಡಿಕೆಯ ಮೇರೆಗೆ ಗ್ರೇಹೌಂಡ್ ಎಂಬ ಹಡಗಿನ ಕಪ್ತಾನನು ಅವನನ್ನು ಹುಡುಕಿ ಊರಿಗೆ ಕರಕೊಂಡು ಹೊರಟನು. ದಾರಿಯಲ್ಲಿ ನ್ಯೂಟನನ ದೇವದೂಷಣೆಯನ್ನು ಕೇಳಿ ಒರಟರಾದ ನಾವಿಕರೂ ಬೆಚ್ಚಿದರು. 1748ನೆಯ ಇಸವಿಯ ಮಾರ್ಚ್ 10ನೆಯ ತಾರೀಕಿನ ರಾತ್ರಿಯಲ್ಲಿ ಅಟ್ಲಾಂಟಿಕ್ ಮಹಾಸಾಗರದ ನಡುವೆ ಬಿರುಗಾಳಿ ಎದ್ದು, ಹಡಗಿನ ಒಂದು ಪಕ್ಕದ ಹಲಿಗೆಗಳು ಮುರಿದು, ನೀರು ಒಳನುಗ್ಗಿತು. ನಿದ್ರೆಯಿಂದ ಎದ್ದು ಮೇಲಕ್ಕೆ ಬರುತ್ತಿದ್ದವನನ್ನು ಒಂದು ಚೂರಿಯನ್ನು ತರುವದಕ್ಕೆ ಕಪ್ತಾನನು ಹಿಂದಕ್ಕೆ ಕಳುಹಿಸಿದನು. ಅವನಿಗೆ ಬದಲಾಗಿ ಮೇಲಕ್ಕೆ ಹೋದವನು ಆ ಕ್ಷಣವೇ ತೆರೆಯ ಪಾಲಾದನು. ಜೇನುಮೇಣವೂ ಮರವೂ ಮೊದಲಾದ ಹಗುರವಾದ ಸರಕಿದ್ದದರಿಂದಲೇ ಹಡಗು ಮುಳುಗಲಿಲ್ಲ. ಬೆಳಗಿನ ಜಾವದಿಂದ ಮಧ್ಯಾಹ್ನದ ವರೆಗೆ ಅವನು ನೀರೆತ್ತಿದನು. ಆ ಮೇಲೆ ನಡುರಾತ್ರಿಯ ವರೆಗೆ ಚುಕ್ಕಾಣಿ ಹಿಡಿದನು. ಕೆಲಸದ ನಡುವೆ ಕರ್ತನು ಕನಿಕರಿಸಲೆಂಬ ಮಾತು ಅವನ ಬಾಯಿಂದ ತಾನಾಗಿ ಹೊರಟಿತು. ಆಡಿದ ಮಾತು ಅವನನ್ನೇ ಇರಿಯಿತು. ತನ್ನಂಥವನಿಗೆ ಕನಿಕರವೆಲ್ಲಿಂದ ಬಂದೀತು?

ಚುಕ್ಕಾಣಿಯ ಬಳಿಯಲ್ಲಿ ನಿಂತ ಆ ಗಳಿಗೆಗಳಲ್ಲಿ ಅವನ ಮನಸ್ಸಿನಲ್ಲಿ ವಿಚಾರಣೆ ನಡೆಯಿತು. ತಾಯಿ ಕಲಿಸಿದ ವಾಕ್ಯಗಳು ಒಂದೊಂದಾಗಿ ಎದ್ದುಬಂದವು. ಕರೆಯುವ ಜ್ಞಾನಕ್ಕೆ ಕಿವಿಗೊಡದವರು ಆಪತ್ತಿನಲ್ಲಿ ಕೂಗಿದರೂ ಉತ್ತರ ಹೊಂದರೆಂದು ತಿಳಿಸುವ ಜ್ಞಾನೋಕ್ತಿಗಳ ಮೊದಲನೆಯ ಅಧ್ಯಾಯವು ತನಗಾಗಿಯೇ ಬರೆದದ್ದೆಂದು ಅವನಿಗೆ ತೋಚಿತು. ಸತ್ಯವೇದವು ಸುಳ್ಳಾದರೆ ತನಗೆ ಆಸರೆಯಿಲ್ಲ. ನಿಜವಾದರೆ ತನಗೆ ಶಿಕ್ಷೆಯೇ ನ್ಯಾಯ. ಹೀಗೆ ಎರಡೂ ಕಡೆಗಳಲ್ಲಿ ದಾರಿ ಕಾಣದವನಾಗಿ ಅವನು ಹೊಸ ಒಡಂಬಡಿಕೆಯನ್ನು ತೆರೆದನು. ಬೇಡಿಕೊಳ್ಳುವವರಿಗೆ ಪರಲೋಕದ ತಂದೆಯು ಪವಿತ್ರಾತ್ಮನನ್ನು ಕೊಡುವನೆಂದು ಲೂಕನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯದಲ್ಲಿ ಓದಿ, ಅದನ್ನೇ ಹಿಡುಕೊಂಡನು. ಸುಮಾರು ನಾಲ್ಕು ವಾರ ತೇಲಾಡಿದ ಬಳಿಕ, ಕಡೆಯ ಆಹಾರವು ಗಡಿಗೆಯಲ್ಲಿ ಬೇಯುತ್ತಿರುವಾಗ, ಹಡಗು ಏಪ್ರಿಲ್ 8ರಂದು ಐರ್ಲೆಂಡಿನ ಕರೆಯನ್ನು ಮುಟ್ಟಿತು. ಆ ದಿವಸದಿಂದ ಅವನು ಪ್ರಾರ್ಥನೆ ಕೇಳುವ ದೇವರುಂಟೆಂದು ತಿಳಿದವನಾದನು. ಮಾರ್ಚ್ ತಿಂಗಳ ಆ ದಿನವನ್ನು ಆಯುಷ್ಕಾಲವೆಲ್ಲಾ ಸ್ಮರಿಸಿದನು.

ಹಲವು ಚರಿತ್ರೆಗಾರರು ಇಲ್ಲಿಯೇ ಕಥೆಯನ್ನು ಮುಗಿಸಿಬಿಡುತ್ತಾರೆ. ಆದರೆ ಸತ್ಯವನ್ನು ಮರೆಮಾಡಿ ದೇವರ ಮಹಿಮೆಯನ್ನು ಹೆಚ್ಚಿಸಲಾಗದು. ಬಿರುಗಾಳಿಯಿಂದ ತಪ್ಪಿಸಿಕೊಂಡ ವರುಷವೇ ನ್ಯೂಟನನು ಮತ್ತೊಂದು ಗುಲಾಮ ಹಡಗಿನಲ್ಲಿ ಅಧಿಕಾರಿಯಾಗಿ ಆಫ್ರಿಕಕ್ಕೆ ಹೋದನು. 1750ರಲ್ಲಿ ಮೇರಿಯನ್ನು ಮದುವೆಯಾದನು. ಅದೇ ವರುಷ ಡ್ಯೂಕ್ ಆಫ್ ಆರ್ಗೈಲ್ ಎಂಬ ಹಡಗಿಗೂ ಆ ಮೇಲೆ ಎರಡು ಸಾರಿ ಆಫ್ರಿಕನ್ ಎಂಬ ಹಡಗಿಗೂ ಕಪ್ತಾನನಾಗಿ, 1754ರ ವರೆಗೆ ನೂರಾರು ಗಂಡಸರು, ಹೆಂಗಸರು, ಮಕ್ಕಳನ್ನು ಕೊಂಡು ಸಾಗರದಾಚೆಯ ದ್ವೀಪಗಳಿಗೆ ಸಾಗಿಸಿ ಮಾರಿದನು. ಭಾನುವಾರಗಳಲ್ಲಿ ಮೇಲಣ ತಟ್ಟಿನಲ್ಲಿ ನಾವಿಕರನ್ನು ಕೂಡಿಸಿ ಆರಾಧನೆ ನಡಿಸಿದನು. ಕೆಳಗಣ ಅಂತಸ್ತಿನಲ್ಲಿ ಸಂಕೋಲೆಗಳ ಸಪ್ಪಳವಾಗುತ್ತಿತ್ತು. ದಂಗೆಯೇಳುವರೆಂಬ ಸಂಶಯದಿಂದ ಹುಡುಗರ ಹೆಬ್ಬೆರಳುಗಳನ್ನು ತಿರುಪಿನ ಉಪಕರಣದಲ್ಲಿ ಒತ್ತಿಸಿದ್ದನ್ನು ಅವನೇ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ.

ದೇವರನ್ನು ಅರಿತವನು ಇಂಥ ಕೆಲಸವನ್ನು ಹೇಗೆ ಮಾಡಿದನೆಂದು ವಾಚಕರು ಕೇಳುವರು. ಆ ಕಾಲದಲ್ಲಿ ಅದು ಕಾಯಿದೆಗೆ ಒಪ್ಪಿದ ವ್ಯಾಪಾರವಾಗಿತ್ತು. ಮರ್ಯಾದಸ್ಥರು ಅದರಲ್ಲಿ ಹಣ ಹೂಡುತ್ತಿದ್ದರು. ಸಭೆಗಳಲ್ಲಿ ಅದನ್ನು ಖಂಡಿಸುವವರು ಅಪರೂಪವಾಗಿದ್ದರು. ತಾನು ಸೆರೆಮನೆಯ ಕಾವಲುಗಾರನ ಹಾಗಾದೆನೆಂದು ಅವನಿಗೆ ಕೆಲವು ಸಾರಿ ಬೇಸರ ಹುಟ್ಟಿದರೂ, ಅದು ಪಾಪವೆಂಬ ಯೋಚನೆಯು ಆಗ ಅವನಿಗೆ ಬರಲಿಲ್ಲ. ಊರೆಲ್ಲಾ ಮಾಡುವ ಪಾಪವು ಪಾಪವಾಗಿ ಕಾಣಿಸುವದಿಲ್ಲವೆಂಬದಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತ ಬೇಕಿಲ್ಲ. ಅವನು ಆ ಕೆಲಸವನ್ನು ಬಿಟ್ಟದ್ದು ಕೂಡಾ ಮನಸ್ಸಾಕ್ಷಿಯಿಂದಲ್ಲ. 1754ರಲ್ಲಿ ಒಂದು ದಿನ ಹೆಂಡತಿಯ ಸಂಗಡ ಚಹಾ ಕುಡಿಯುತ್ತಿರುವಾಗ ಅಕಸ್ಮಾತ್ತಾಗಿ ಮೂರ್ಛೆಬಿದ್ದದರಿಂದ ವೈದ್ಯರ ಮಾತಿನ ಮೇರೆಗೆ ಬಿಟ್ಟನು.

ಅನಂತರ ಲಿವರ್ಪೂಲ್ ಬಂದರಿನಲ್ಲಿ ಸುಂಕದ ಅಧಿಕಾರಿಯಾಗಿದ್ದುಕೊಂಡು ಗ್ರೀಕ್ ಇಬ್ರಿಯ ಭಾಷೆಗಳನ್ನು ಅಭ್ಯಾಸಮಾಡಿದನು. 1764ರಲ್ಲಿ ದೀಕ್ಷೆ ಹೊಂದಿ ಓಲ್ನಿ ಎಂಬ ಬಡ ಊರಿನ ಪಾದ್ರಿಯಾದನು. ಅಲ್ಲಿಂದ ಮುಂದಕ್ಕೆ ಅವರನ್ನು ನಾವು ನ್ಯೂಟನ್ ಪಾದ್ರಿಗಳೆಂದು ಕರೆಯುವದು ಯುಕ್ತ. ಲೇಸು ಹೆಣೆದು ಹೊಟ್ಟೆಹೊರೆಯುವ ಬಡಜನರ ಮನೆಗಳಿಗೆ ಅವರು ಹೋಗಿ ಬರುತ್ತಿದ್ದರು. ಮಕ್ಕಳನ್ನು ಕೂಡಿಸಿ ಕಲಿಸುತ್ತಿದ್ದರು. 1773ರ ಹೊಸ ವರುಷದ ದಿನದ ಆರಾಧನೆಗಾಗಿ, ಕಳೆದುಹೋದವನನ್ನು ಹುಡುಕಿ ತಂದ ಕೃಪೆಯ ವಿಷಯವಾದ ಆ ಪ್ರಸಿದ್ಧ ಕೀರ್ತನೆಯನ್ನು ಬರೆದರು. 1779ರಲ್ಲಿ ಅದು ಓಲ್ನಿಯ ಕೀರ್ತನೆಗಳೆಂಬ ಪುಸ್ತಕದಲ್ಲಿ ಅಚ್ಚಾಯಿತು.

ಆ ಪುಸ್ತಕದಲ್ಲಿ ಕೆಲವು ಕೀರ್ತನೆಗಳನ್ನು ಬರೆದವನು ಅವರ ನೆರೆಮನೆಯ ಕವಿಯಾದ ವಿಲಿಯಮ್ ಕೌಪರನು. 1773ರ ಆರಂಭದಲ್ಲಿ ಅವನಿಗೆ ಚಿತ್ತರೋಗವು ಮರುಕಳಿಸಿ, ದೇವರು ತನ್ನನ್ನು ಎಂದೆಂದಿಗೂ ತಳ್ಳಿಬಿಟ್ಟನು, ತನ್ನ ತೀರ್ಪು ಆಗಿಹೋಯಿತು ಎಂಬ ಭ್ರಮೆಯು ಹಿಡಿಯಿತು. ನ್ಯೂಟನ್ ಪಾದ್ರಿಗಳು ಅವನನ್ನು ಗದರಿಸಲಿಲ್ಲ, ವಾದಿಸಿ ದಣಿಸಲಿಲ್ಲ. ಒಂದು ವರುಷಕ್ಕಿಂತ ಹೆಚ್ಚು ಕಾಲ ತಮ್ಮ ಮನೆಯಲ್ಲಿಯೇ ಇಟ್ಟುಕೊಂಡು ಅವರೂ ಹೆಂಡತಿಯೂ ಆರೈಕೆ ಮಾಡಿದರು. ಕೌಪರನ ಭಯವು ಪೂರ್ಣವಾಗಿ ಎಂದೂ ನೀಗಲಿಲ್ಲ. ಆದರೂ ಪಾದ್ರಿಗಳು ಅವನ ಸ್ನೇಹವನ್ನು ಬಿಡಲಿಲ್ಲ. ನಮ್ಮ ಸಭೆಗಳಲ್ಲಿ ಮರಣಭಯದಿಂದ ಕುಗ್ಗಿದವರುಂಟು. ಅಂಥವರ ಮುಂದೆ ನರಕದ ಬೆಂಕಿಯನ್ನು ಮತ್ತಷ್ಟು ಊದುವದು ಕುರುಬನ ಕೆಲಸವಲ್ಲ. ನ್ಯಾಯಾಸನದ ಮೇಲೆ ಕೂತಿರುವಾತನು ಕುರಿಗಳಿಗಾಗಿ ಪ್ರಾಣಕೊಟ್ಟಾತನೇ ಎಂದು ಅವರಿಗೆ ನೆನಪುಕೊಡುವದೂ, ಹತ್ತಿರ ಕೂತಿರುವದೂ ಅವನ ಕೆಲಸ.

1780ರಲ್ಲಿ ನ್ಯೂಟನ್ ಪಾದ್ರಿಗಳು ಲಂಡನಿನ ಸೇಂಟ್ ಮೇರಿ ವೂಲ್ನಾತ್ ಎಂಬ ದೇವಾಲಯಕ್ಕೆ ಬಂದರು. 1785ರ ಕಡೆಯಲ್ಲಿ ವಿಲಿಯಮ್ ವಿಲ್ಬರ್ಫೋರ್ಸ್ ಎಂಬ ತರುಣ ಪಾರ್ಲಿಮೆಂಟ್ ಸಭಿಕನು, ರಾಜ್ಯಕಾರ್ಯವನ್ನು ಬಿಟ್ಟುಬಿಡಬೇಕೋ ಎಂಬ ತಳಮಳದಿಂದ, ಅವರ ಬಳಿಗೆ ಗುಟ್ಟಾಗಿ ಬಂದನು. ದೇವರು ಇಟ್ಟ ಸ್ಥಳದಲ್ಲಿಯೇ ನಿಂತು ಸೇವಿಸಬೇಕೆಂದು ಪಾದ್ರಿಗಳು ಬುದ್ಧಿ ಹೇಳಿದರು. ಅವನೇ ಮುಂದೆ ಗುಲಾಮ ವ್ಯಾಪಾರವನ್ನು ನಿಲ್ಲಿಸುವದಕ್ಕೆ ಇಪ್ಪತ್ತು ವರುಷ ಹೋರಾಡಿದನು.

ಆಗ ಪಾದ್ರಿಗಳಿಗೂ ಒಂದು ಕರೆ ಬಂತು. ಕಡೆಯ ಗುಲಾಮ ಹಡಗಿನಿಂದ ಇಳಿದು ಮೂವತ್ತನಾಲ್ಕು ವರುಷಗಳಾಗಿದ್ದವು. ಜನರು ಅವರನ್ನು ಪರಿಶುದ್ಧರೆಂದು ಗೌರವಿಸುತ್ತಿದ್ದರು. ಹಳೆಯ ಸಂಗತಿಯನ್ನು ಮುಚ್ಚಿಟ್ಟಿದ್ದರೆ ಕೇಳುವವರಿರಲಿಲ್ಲ. ಆದರೆ 1788ರಲ್ಲಿ ಅವರು ಆಫ್ರಿಕದ ಗುಲಾಮ ವ್ಯಾಪಾರದ ಕುರಿತಾದ ಆಲೋಚನೆಗಳೆಂಬ ಚಿಕ್ಕ ಪುಸ್ತಕವನ್ನು ಬರೆದು, ತಮ್ಮ ಕೈಯಿಂದ ನಡೆದದ್ದನ್ನೂ ತಮ್ಮ ಕಣ್ಣು ಕಂಡದ್ದನ್ನೂ ಬೈಲಿಗಿಟ್ಟರು. ತಮ್ಮ ಅರಿಕೆಯು ಬಹು ತಡವಾಯಿತೆಂದೂ, ಆದ ಕೇಡನ್ನು ಅದು ಸರಿಪಡಿಸಲಾರದೆಂದೂ, ಒಂದು ಕಾಲದಲ್ಲಿ ತಾವು ಅಂಥ ಕೆಲಸದಲ್ಲಿ ಕೈಹಾಕಿದ್ದೆವೆಂಬದು ತಮಗೆ ಎಂದೆಂದಿಗೂ ನಾಚಿಕೆಯ ಸಂಗತಿಯೆಂದೂ ಒಪ್ಪಿಕೊಂಡರು. ಕಪಾಟಿನಲ್ಲಿ ಪುಸ್ತಕಗಳನ್ನು ಜೋಡಿಸಿದಂತೆ ಮನುಷ್ಯರನ್ನು ಎರಡು ಸಾಲುಗಳಾಗಿ, ಒಂದರ ಮೇಲೊಂದು ಹಲಿಗೆಯಲ್ಲಿ ಒತ್ತಾಗಿ ಮಲಗಿಸುತ್ತಿದ್ದದ್ದನ್ನೂ, ಬೆಳಿಗ್ಗೆ ನೋಡುವಾಗ ಜೀವವುಳ್ಳವನು ಸತ್ತವನೊಂದಿಗೆ ಒಂದೇ ಸಂಕೋಲೆಯಲ್ಲಿ ಕಟ್ಟಲ್ಪಟ್ಟಿರುತ್ತಿದ್ದದ್ದನ್ನೂ ವಿವರಿಸಿದರು. ಕೂಸಿನ ಅಳುವು ತನ್ನ ನಿದ್ದೆಯನ್ನು ಕೆಡಿಸಿತೆಂದು ಅದನ್ನು ತಾಯಿಯ ಕೈಯಿಂದ ಕಿತ್ತು ಸಮುದ್ರಕ್ಕೆ ಎಸೆದ ಒಬ್ಬ ಅಧಿಕಾರಿಯ ಸಂಗತಿಯನ್ನು ಬರೆದರು. ತಾಯಿಗೆ ಬೆಲೆಯಿದ್ದದರಿಂದ ಆಕೆಯನ್ನು ಎಸೆಯಲಿಲ್ಲ. 1790ರಲ್ಲಿ ಪಾರ್ಲಿಮೆಂಟಿನ ವಿಚಾರಣೆಯ ಮುಂದೆ ನಿಂತು ಬಾಯಿಮಾತಿನಿಂದಲೂ ಸಾಕ್ಷಿ ಹೇಳಿದರು.

ಪ್ರಿಯ ವಾಚಕರೇ, ಇಲ್ಲಿ ಒಂದು ಪ್ರಶ್ನೆಯನ್ನು ಇತ್ಯರ್ಥಮಾಡಬೇಕು. ನಂಬಿದವನು ದಂಡನೆಯ ತೀರ್ಪಿಗೆ ಒಳಗಾಗದೆ ಮರಣದಿಂದ ಜೀವಕ್ಕೆ ದಾಟಿದ್ದಾನೆಂದು ಯೋಹಾನನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಓದುತ್ತೇವೆ. ನಾವೆಲ್ಲರೂ ಕ್ರಿಸ್ತನ ನ್ಯಾಯಾಸನದ ಮುಂದೆ ಪ್ರತ್ಯಕ್ಷರಾಗಬೇಕೆಂದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಪೌಲನು ನಂಬಿದವರಿಗೇ ಬರೆಯುತ್ತಾನೆ. ಇವೆರಡೂ ಒಂದಕ್ಕೊಂದು ವಿರುದ್ಧವೋ? ಅಲ್ಲ. ಕ್ರಿಸ್ತನಲ್ಲಿರುವವನ ಮೇಲಿನಿಂದ ಶಿಕ್ಷೆಯು ತೆಗೆಯಲ್ಪಟ್ಟಿದೆ. ಆದರೆ ಸತ್ಯವು ತೆಗೆಯಲ್ಪಟ್ಟಿಲ್ಲ. ಸಾಲವನ್ನು ಇನ್ನೊಬ್ಬನು ತೀರಿಸಿದ ಮಾತ್ರಕ್ಕೆ ಸಾಲವೇ ಇರಲಿಲ್ಲವೆಂದು ಹೇಳುವದು ಸುಳ್ಳಾಗುತ್ತದೆ. ಆ ದಿನದಲ್ಲಿ ಪುಸ್ತಕಗಳು ತೆರೆಯಲ್ಪಡುವವು, ಸಮುದ್ರವು ತನ್ನಲ್ಲಿರುವ ಸತ್ತವರನ್ನು ಒಪ್ಪಿಸುವದು ಎಂದು ಪ್ರಕಟನೆಯ ಇಪ್ಪತ್ತನೆಯ ಅಧ್ಯಾಯವು ತಿಳಿಸುತ್ತದೆ. ಹೆಸರಿಲ್ಲದೆ ನೀರಿಗೆ ಬಿದ್ದ ಆ ಕೂಸೂ ಅಲ್ಲಿ ಇರುವದು. ಯಾವ ಕಚೇರಿಯಲ್ಲಿಯೂ ದೂರು ಕೊಡಲಾರದೆ ಹೋದವರ ದೂರು ಅಲ್ಲಿ ಕೇಳಲ್ಪಡುವದು. ಆದಕಾರಣ ನ್ಯಾಯತೀರ್ಪಿನ ಬೋಧನೆಯು ಬರೇ ಹೆದರಿಕೆಯ ಮಾತಲ್ಲ. ತುಳಿಯಲ್ಪಟ್ಟವರಿಗೆ ಅದು ಶುಭವರ್ತಮಾನವೂ ಆಗಿದೆ.

ಕ್ಷಮೆಹೊಂದಿದವನ ಗುರುತು ಯಾವದೆಂದರೆ, ಅವನು ಆ ಪುಸ್ತಕಗಳು ತೆರೆಯುವ ತನಕ ಕಾಯದೆ ತನ್ನ ಲೆಕ್ಕವನ್ನು ಈಗಲೇ ತಾನಾಗಿ ತೆರೆಯುತ್ತಾನೆ. ಜಕ್ಕಾಯನು ತನ್ನ ಮನೆಗೆ ರಕ್ಷಣೆ ಬಂದ ದಿವಸವೇ ಅನ್ಯಾಯದಿಂದ ತೆಗೆದದ್ದನ್ನು ನಾಲ್ಕರಷ್ಟು ತಿರಿಗಿ ಕೊಡುವದಕ್ಕೆ ನಿಂತನು. ನ್ಯೂಟನ್ ಪಾದ್ರಿಗಳಿಗೆ ಅದಕ್ಕೆ ನಾಲ್ವತ್ತು ವರುಷ ಹಿಡಿಯಿತು. ಮಾರಿದವರನ್ನು ತಿರಿಗಿ ತರುವದಕ್ಕೆ ಅವರಿಂದಾಗಲಿಲ್ಲ. ಆದರೂ ಕೃಪೆಯು ಅವರನ್ನು ಬಾಯಿ ಮುಚ್ಚಿಕೊಂಡು ಸಾಯಗೊಡಲಿಲ್ಲ.

ನಮ್ಮ ದೇಶದಲ್ಲಿಯೂ 1843ನೆಯ ಇಸವಿಯ ಐದನೆಯ ಕಾಯಿದೆಯು ಬರುವ ತನಕ ಮನುಷ್ಯನನ್ನು ಸೊತ್ತೆಂದು ಹೇಳಿಕೊಳ್ಳುವ ಹಕ್ಕನ್ನು ನ್ಯಾಯಸ್ಥಾನಗಳು ಮನ್ನಿಸುತ್ತಿದ್ದವು. ಜೀತಪದ್ಧತಿಯನ್ನು ರದ್ದುಮಾಡುವ ಕಾಯಿದೆಯು 1976ರಲ್ಲಿ ಆಯಿತು. ತಂದೆಯ ಸಾಲಕ್ಕೆ ಮಗನನ್ನು ಗೌಡನ ಕೊಟ್ಟಿಗೆಯಲ್ಲಿ ದುಡಿಸಿದ ಸಂಗತಿಗಳನ್ನು ನಮ್ಮ ಹಿರಿಯರು ಬಲ್ಲರು. ನಮ್ಮೊಳಗೆ ಕೂಲಿಯಾಳಿನ ಕೂಲಿಯನ್ನು ತಡೆದವರಿಲ್ಲವೋ? ವಿಧವೆಯ ಹೊಲದ ಬದುವನ್ನು ಒಂದು ಮೊಳ ಸರಿಸಿದವರಿಲ್ಲವೋ? ಮನೆಗೆಲಸದ ಹುಡುಗಿಯನ್ನು ಹೊಡೆದು, ಆ ಸಂಜೆಯೇ ಪ್ರಾರ್ಥನೆಗೆ ಬಂದು ಕೂತವರಿಲ್ಲವೋ? ಊರೆಲ್ಲಾ ಹಾಗೆಯೇ ಮಾಡುತ್ತದೆಂಬ ಉತ್ತರವು ಆ ನ್ಯಾಯಾಸನದ ಮುಂದೆ ನಿಲ್ಲಲಾರದು. ಅತ್ಯಲ್ಪನಾದವನಿಗೆ ಮಾಡಿದ್ದು ತನಗೇ ಮಾಡಿದ್ದೆಂದು ಮತ್ತಾಯನ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯದಲ್ಲಿ ತಿಳಿಸಿದಾತನೇ ಅಲ್ಲಿ ಕೂತಿರುವನು.

ನ್ಯೂಟನ್ ಪಾದ್ರಿಗಳ ಹೆಂಡತಿಯು 1790ರ ಡಿಸೆಂಬರಿನಲ್ಲಿ ತೀರಿಹೋದಳು. ಮುಪ್ಪಿನಲ್ಲಿ ಅವರ ಕಣ್ಣು ಮಬ್ಬಾಯಿತು, ನೆನಪು ಕುಂದಿತು. ಆದರೂ ತಾನು ದೊಡ್ಡ ಪಾಪಿ, ಕ್ರಿಸ್ತನು ದೊಡ್ಡ ರಕ್ಷಕನು ಎಂಬೆರಡು ಸಂಗತಿಗಳನ್ನು ಅವರು ಮರೆಯಲಿಲ್ಲ. 1807ರ ಮಾರ್ಚ್ 25ರಂದು ಬ್ರಿಟಿಷ್ ಪಾರ್ಲಿಮೆಂಟಿನ ಕಾಯಿದೆಯಿಂದ ಗುಲಾಮ ವ್ಯಾಪಾರವು ನಿಷೇಧಿಸಲ್ಪಟ್ಟಿತು. ಅದೇ ವರುಷದ ಡಿಸೆಂಬರ್ 21ರಂದು, ಎಂಭತ್ತೆರಡನೆಯ ವಯಸ್ಸಿನಲ್ಲಿ, ಅವರು ಈ ಲೋಕವನ್ನು ಬಿಟ್ಟರು. ತಮ್ಮ ಸಮಾಧಿಯ ಕಲ್ಲಿನ ಬರಹವನ್ನು ಅವರು ಮೊದಲೇ ತಾವೇ ಬರೆದಿಟ್ಟಿದ್ದರು. ಅದರಲ್ಲಿ ತಮ್ಮ ಸೇವೆಯನ್ನು ಹೊಗಳಿಕೊಳ್ಳದೆ, ತಾವು ಒಂದು ಕಾಲದಲ್ಲಿ ನಾಸ್ತಿಕರೂ ದುರಾಚಾರಿಗಳೂ ಆಗಿದ್ದದ್ದನ್ನೂ, ಆಫ್ರಿಕದಲ್ಲಿ ಗುಲಾಮರ ಆಳಾಗಿದ್ದದ್ದನ್ನೂ, ಕರ್ತನ ಕನಿಕರದಿಂದಲೇ ಕ್ಷಮೆಹೊಂದಿದ್ದನ್ನೂ ಕೆತ್ತಿಸಬೇಕೆಂದು ತಿಳಿಸಿದ್ದರು. ತನ್ನ ಅಪರಾಧದ ಪಟ್ಟಿಯನ್ನು ತಾನೇ ಹಿಡುಕೊಂಡು ನ್ಯಾಯಾಧಿಪತಿಯ ಬಳಿಗೆ ಹೋಗುವವನಿಗೆ ಅಲ್ಲಿ ಬೈಲಾಗುವದಕ್ಕೆ ಇನ್ನೇನು ಉಳಿದಿರುತ್ತದೆ?

ಉಂಗುರವು ಜೋಪಾನವಾಗಿರುವದು ನಮ್ಮ ಕೈಯಲ್ಲಲ್ಲ, ಅದನ್ನು ಆಳದಿಂದ ಎತ್ತಿತಂದಾತನ ಕೈಯಲ್ಲಿ. ಆ ಭರವಸವುಳ್ಳವರಾಗಿ ಇಂದೇ ನಮ್ಮ ಲೆಕ್ಕವನ್ನು ತೆರೆಯೋಣ. ತಡೆದ ಕೂಲಿಯನ್ನು ಕೊಡೋಣ. ಸರಿಸಿದ ಬದುವನ್ನು ಹಿಂದಕ್ಕೆ ಹಾಕೋಣ. ನೋಯಿಸಿದವರ ಮನೆಬಾಗಲಿಗೆ ಹೊತ್ತು ಮುಳುಗುವದರೊಳಗೆ ಹೋಗೋಣ. ಹೀಗೆ ಮಾಡುವವನು ಆ ಮಹಾ ದಿನವನ್ನು ನಡುಗುತ್ತಾ ಅಲ್ಲ, ತಲೆಯೆತ್ತಿ ಎದುರುನೋಡುವನು.